ಕೈಗೂ ರೆಂಚಿಗೂ ಜಗ್ಗದ ಆಯಿಲ್ ಫಿಲ್ಟರ್: ತೂತು ಹೊಡೆಯುವ ಮೊದಲು ಸಲಹೆ ಬೇಕಾಗಿದೆ

ಮಂಡಗದ್ದೆ ತೋಟದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಡಗದ್ದೆಯಿಂದ ತೀರ್ಥಹಳ್ಳಿಯ ಕಡೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ನಾಲ್ಕು ಕಿಲೋಮೀಟರ್ ಒಳಗೆ ನಮ್ಮ ತೋಟದ ಮನೆ ಇದೆ. ಕಾರು ಒಂದು ಲೀಟರಿನ, ಮೂರು ಸಿಲಿಂಡರಿನ ಪೆಟ್ರೋಲ್ ಗಾಡಿ. ಹನ್ನೊಂದು ವರ್ಷ ಹಳೆಯದು. ಎಂಜಿನ್ ಆಯಿಲನ್ನು ಸಾಮಾನ್ಯವಾಗಿ ನಾನೇ ಬದಲಿಸಿಕೊಳ್ಳುತ್ತೇನೆ. ಹಿಂದಿನ ಸಲ ಮಾತ್ರ ಮನೆಯಲ್ಲಿ ಮದುವೆಯ ಗಡಿಬಿಡಿ ಇದ್ದುದರಿಂದ ಶಹರದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದೆ. ಅದಾಗಿ ಎರಡು ಮಳೆಗಾಲ ಕಳೆದಿವೆ, ಗಾಡಿ ಹದಿನಾಲ್ಕು ಸಾವಿರ ಕಿಲೋಮೀಟರ್ ಓಡಿದೆ. ತಡವಾಯಿತೆಂದು ನನಗೂ ಗೊತ್ತು.

ನಿನ್ನೆ ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾದಾಗ ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ಕಾರು ನಿಲ್ಲಿಸಿ, ಮುಂಭಾಗವನ್ನು ಜಾಕಿನಿಂದ ಎತ್ತಿ, ಎರಡು ಕಡೆ ಜಂಬಿಟ್ಟಿಗೆ ಕಲ್ಲುಗಳನ್ನು ಕೊಟ್ಟು, ಡ್ರೈನ್ ಬೋಲ್ಟ್ ಬಿಚ್ಚಿ ಹಳೆಯ ಆಯಿಲನ್ನು ಪೂರ್ತಿ ಇಳಿಸಿದೆ. ಅಲ್ಲಿಯವರೆಗೆ ಎಲ್ಲವೂ ಸಲೀಸಾಗಿ ನಡೆಯಿತು. ಆಯಿಲ್ ಸೋಸುವ ಡಬ್ಬಿಯಾದ ಫಿಲ್ಟರ್ ಮಾತ್ರ ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ. ಮೊದಲು ಬಟ್ಟೆ ಹಿಡಿದು ಕೈಯಿಂದ ತಿರುಗಿಸಿದೆ. ಆಮೇಲೆ ಸ್ಯಾಂಡ್ ಪೇಪರನ್ನು ಒರಟು ಮುಖ ಫಿಲ್ಟರಿಗೆ ತಾಗುವಂತೆ ಸುತ್ತಿ ಹಿಡಿದೆ. ಕೊನೆಗೆ ನೆರೆಮನೆಯ ಟ್ರ್ಯಾಕ್ಟರಿನ ಜೊತೆಗಿದ್ದ ಚೈನ್ ರೆಂಚ್ ತಂದು, ಬಾನೆಟ್ ಕಡೆಯಿಂದ ಕೈ ಇಳಿಸಿ ಎರಡು ಸಲ ಬಲವಾಗಿ ಎಳೆದೆ. ಚೈನು ಜಾರಿ ಫಿಲ್ಟರಿನ ತಳದ ಕಡೆ ಡಬ್ಬಿ ನೆಗ್ಗಿಹೋಯಿತೇ ಹೊರತು ಅದು ಕದಲಲಿಲ್ಲ. ಫಿಲ್ಟರ್ ಇರುವ ಜಾಗ ಇಕ್ಕಟ್ಟಾಗಿದ್ದು, ಅದು ತಲೆಕೆಳಗಾಗಿ, ಅಂದರೆ ಮುಚ್ಚಿದ ತುದಿ ನೆಲಕ್ಕೆ ಮುಖ ಮಾಡಿ ನೇತಾಡುತ್ತದೆ. ಪಕ್ಕದಲ್ಲೇ ಸೈಲೆನ್ಸರ್ ಪೈಪು ಹಾದುಹೋಗಿದೆ.

ಉದ್ದನೆಯ ಸ್ಕ್ರೂಡ್ರೈವರನ್ನು ಫಿಲ್ಟರಿನ ಹೊಟ್ಟೆಗೆ ಹೊಡೆದು, ಅದನ್ನೇ ಹಿಡಿಯಾಗಿ ಬಳಸಿ ತಿರುಗಿಸಿದರೆ ಬರುತ್ತದೆ ಎಂದು ಹಲವರು ಹೇಳುತ್ತಾರೆ. ಸುತ್ತಿಗೆಯನ್ನು ಕೈಗೆ ತೆಗೆದುಕೊಂಡೂ ಆಗಿತ್ತು, ಯಾಕೋ ಮನಸ್ಸು ಒಪ್ಪಲಿಲ್ಲ. ಸದ್ಯ ಆಯಿಲ್ ಇಲ್ಲದ ಎಂಜಿನ್, ಬಿಚ್ಚದ ಫಿಲ್ಟರ್, ಮೂರು ಲೀಟರ್ ಹೊಸ ಆಯಿಲಿನ ಡಬ್ಬಿ, ಒಂದು ಹೊಸ ಫಿಲ್ಟರ್, ಇಷ್ಟು ನನ್ನ ಎದುರಿಗಿವೆ. ಪುನರ್ವಸು ಮಳೆ ಜಡಿ ಹಿಡಿದಿರುವುದರಿಂದ ಮೆಕ್ಯಾನಿಕ್ ಒಬ್ಬರನ್ನು ಇಲ್ಲಿಯವರೆಗೆ ಕರೆತರುವುದು ಸುಲಭವಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಹಳೇ ಗ್ಯಾರೇಜು, ಶಿವಮೊಗ್ಗ

ನಮಸ್ಕಾರ ಸರ್. ಫಿಲ್ಟರಿನ ಮಾತಿಗೆ ಮೊದಲು ಇನ್ನೊಂದು ಮಾತು ಹೇಳಬೇಕು. ಜಂಬಿಟ್ಟಿಗೆ ಕಲ್ಲಿನ ಮೇಲೆ ನಿಂತಿರುವ ಕಾರಿನ ಕೆಳಗೆ ದಯವಿಟ್ಟು ಇನ್ನೊಮ್ಮೆ ಮಲಗಬೇಡಿ. ಗೋಡೆಯಲ್ಲಿ ಸಾಲಾಗಿ ಕೂತಾಗ ಆ ಕಲ್ಲು ಮನೆಯನ್ನೇ ಹೊರುತ್ತದೆ ನಿಜ. ಆದರೆ ಕಾರಿನ ಅಡಿಯ ಕಬ್ಬಿಣದ ಅಂಚು ಒಂದೇ ಬಿಂದುವಿನಲ್ಲಿ ಒತ್ತಿದಾಗ, ಅದರಲ್ಲೂ ಮಳೆಗಾಲದಲ್ಲಿ ನೀರು ಕುಡಿದಿರುವಾಗ, ಅದು ಮುನ್ಸೂಚನೆಯನ್ನೇ ಕೊಡದೆ ಹಿಟ್ಟಾಗಿ ಕುಸಿಯಬಹುದು. ನೀವು ಈಗ ರೆಂಚ್ ಹಿಡಿದು ಕಾರನ್ನು ಪಕ್ಕಕ್ಕೆ ಎಳೆಯುವ ಕೆಲಸ ಮಾಡಲು ಹೊರಟಿದ್ದೀರಿ, ಆ ಎಳೆತ ಕಲ್ಲಿಗೂ ತಾಗುತ್ತದೆ. ಮೊದಲು ಗಾಡಿಯನ್ನು ನೆಲಕ್ಕೆ ಇಳಿಸಿ.

ಎರಡನೆಯದಾಗಿ, ನೀವು ಸುತ್ತಿಗೆಯನ್ನು ಕೆಳಗಿಟ್ಟಿದ್ದು ತುಂಬಾ ಒಳ್ಳೆಯದಾಯಿತು. ಅಂಟಿಕೊಂಡ ಫಿಲ್ಟರ್ ಎಂಬುದು ತೂತು ಬೀಳುವವರೆಗೆ ತುರ್ತು ಸಮಸ್ಯೆಯೇ ಅಲ್ಲ. ತೂತು ಬಿದ್ದ ಕ್ಷಣದಿಂದ ಅದು ತುರ್ತು ಸಮಸ್ಯೆಯಾಗುತ್ತದೆ. ಡಬ್ಬಿ ಇಡಿಯಾಗಿದ್ದರೆ ನೀವು ಡ್ರೈನ್ ಬೋಲ್ಟನ್ನು ವಾಪಸ್ ಹಾಕಿ, ಹೊಸ ಆಯಿಲ್ ತುಂಬಿ, ಹಳೆಯ ಫಿಲ್ಟರಿನೊಂದಿಗೇ ಗಾಡಿಯನ್ನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೋ ತೀರ್ಥಹಳ್ಳಿಗೋ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು. ಇನ್ನೂ ಕೆಲವು ನೂರು ಕಿಲೋಮೀಟರ್ ಹಾಗೆಯೇ ಓಡಿಸಿದರೂ ಎಂಜಿನ್ ಕೆಡುವುದಿಲ್ಲ. ಫಿಲ್ಟರಿನ ಒಳಗೆ ಬೈಪಾಸ್ ವಾಲ್ವ್ ಎಂಬ ಸ್ಪ್ರಿಂಗಿನ ಬಾಗಿಲೊಂದಿರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಅದು ಬ್ಲಾಕಿನ, ಅಂದರೆ ಫಿಲ್ಟರ್ ಕೂರುವ ಎಂಜಿನ್ ಮೈಯ ಕಡೆಯೇ ಇರುತ್ತದೆ. ಫಿಲ್ಟರಿನೊಳಗಿನ ಸೋಸುವ ಕಾಗದ ಕಟ್ಟಿಕೊಂಡು ಒತ್ತಡ ಹೆಚ್ಚಾದರೆ ಅದು ತೆರೆದುಕೊಂಡು, ಸೋಸದ ಆಯಿಲನ್ನಾದರೂ ಬೇರಿಂಗುಗಳಿಗೆ ತಲುಪಿಸುತ್ತದೆ. ಕೊಳೆ ಆಯಿಲ್ ಹೋದರೆ ಎಂಜಿನ್ ನಿಧಾನವಾಗಿ ಸವೆಯುತ್ತದೆ, ಆಯಿಲೇ ಹೋಗದಿದ್ದರೆ ಕೆಲವೇ ನಿಮಿಷಗಳಲ್ಲಿ ಸೀಜ್ ಆಗುತ್ತದೆ. ಆದ್ದರಿಂದ ತೂತು ಹೊಡೆಯುವುದನ್ನು ಬೇರೆಲ್ಲ ದಾರಿ ಮುಗಿದ ಮೇಲೆ, ಗಾಡಿ ಎರಡು ದಿನ ನಿಂತರೂ ಪರವಾಗಿಲ್ಲ ಎನ್ನುವ ಸಮಯ ನೋಡಿಕೊಂಡು ಮಾತ್ರ ಯೋಚಿಸಬೇಕು.

ಈಗ ನನಗೆ ಬಲವಾದ ಅನುಮಾನವೊಂದಿದೆ. ಬಾನೆಟ್ ಕಡೆಯಿಂದ ಕೈ ಇಳಿಸಿ ಎಳೆದೆ ಎಂದು ಬರೆದಿದ್ದೀರಿ, ಫಿಲ್ಟರಿನ ಮುಚ್ಚಿದ ತುದಿ ಕೆಳಗಿದೆ ಎಂದೂ ಬರೆದಿದ್ದೀರಿ. ಫಿಲ್ಟರ್ ಬಿಚ್ಚುವುದು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಆದರೆ ಆ ಲೆಕ್ಕ ಮುಚ್ಚಿದ ತುದಿಯನ್ನು ಎದುರಿಗಿಟ್ಟುಕೊಂಡು ನೋಡುವವನಿಗೆ ಮಾತ್ರ ಸರಿ. ನೀವು ಮೇಲಿನಿಂದ, ಅಂದರೆ ಫಿಲ್ಟರಿನ ಬೆನ್ನ ಕಡೆಯಿಂದ ನೋಡುತ್ತಿದ್ದರೆ ಅದೇ ತಿರುವು ಗಡಿಯಾರದ ದಿಕ್ಕಿನಲ್ಲಿ ಕಾಣುತ್ತದೆ. ಮೇಲಿನಿಂದ ನೋಡುತ್ತಾ ಎಡಕ್ಕೆ ಎಳೆದಿದ್ದರೆ ನೀವು ಅದನ್ನು ಬಿಗಿ ಮಾಡಿದ್ದೀರಿ. ಒಂದು ಖಾಲಿ ಉಪ್ಪಿನಕಾಯಿ ಬಾಟಲಿಯನ್ನು ಮುಚ್ಚಳ ಮೇಲೆ ಬರುವಂತೆ ಹಿಡಿದು, ಮುಚ್ಚಳವನ್ನು ಅಲುಗಾಡಿಸದೆ ಬಾಟಲಿಯನ್ನೇ ತಿರುಗಿಸಿ ಬಿಚ್ಚಿ ನೋಡಿ. ಮೇಲಿನಿಂದ ಅದು ಯಾವ ಕಡೆ ತಿರುಗಿತೋ ನಿಮ್ಮ ಫಿಲ್ಟರಿಗೂ ಅದೇ ದಿಕ್ಕು. ಕಲಿಯಲು ಬರುತ್ತಿದ್ದ ಹುಡುಗರಿಗೆ ನಾನು ಈ ಪಾಠವನ್ನು ಹೀಗೆಯೇ ಹೇಳಿಕೊಡುತ್ತಿದ್ದೆ.

ಚೈನ್ ರೆಂಚ್ ಜಾರಿ ಡಬ್ಬಿ ನೆಗ್ಗಿದ್ದಕ್ಕೆ ಕಾರಣ ನೀವು ಅದನ್ನು ಹಿಡಿಸಿದ ಜಾಗ. ಫಿಲ್ಟರಿನ ಮೈ ತೆಳು ತಗಡು. ಬ್ಲಾಕಿಗೆ ತಾಗುವ ಕಡೆ ಮಾತ್ರ ಅದರೊಳಗೆ ದಪ್ಪ ಉಕ್ಕಿನ ಪ್ಲೇಟೊಂದಿದ್ದು, ನಡುವೆ ಥ್ರೆಡ್ಡಿರುವ ತೂತು, ಸುತ್ತಲೂ ಆಯಿಲ್ ಒಳಬರುವ ಸಣ್ಣ ತೂತುಗಳು ಇರುತ್ತವೆ. ಯಾವ ರೆಂಚನ್ನೇ ಬಳಸಿದರೂ ಆ ಪ್ಲೇಟಿನ ನೇರಕ್ಕೆ, ಅಂದರೆ ಬ್ಲಾಕಿಗೆ ಸಾಧ್ಯವಾದಷ್ಟು ಹತ್ತಿರ ಹಿಡಿಸಬೇಕು. ಕೆಳತುದಿಯಲ್ಲಿ ಹಿಡಿದರೆ ಬಲವೆಲ್ಲ ತಗಡನ್ನು ನೆಗ್ಗಿಸುವುದರಲ್ಲೇ ಕಳೆದುಹೋಗುತ್ತದೆ. ಚೈನ್ ರೆಂಚ್ ಒಂದೇ ದಿಕ್ಕಿಗೆ ಹಿಡಿಯುತ್ತದೆ ಎಂಬುದೂ ಗಮನದಲ್ಲಿರಲಿ.

ನನ್ನ ಸಲಹೆ ಹೀಗಿದೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ, ಹೊಸ ಆಯಿಲ್ ತುಂಬಿ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ನೋಡಿ, ಎಂಜಿನನ್ನು ನಾಲ್ಕೈದು ನಿಮಿಷ ಓಡಿಸಿ ನಿಲ್ಲಿಸಿ. ಫಿಲ್ಟರ್ ಕೈಗೆ ಬೆಚ್ಚಗಾಗಬೇಕು, ಸೈಲೆನ್ಸರ್ ಪೈಪು ಸುಡುವಷ್ಟು ಕಾಯಬಾರದು. ಅಂಟಿ ಕೂತಿರುವುದು ಥ್ರೆಡ್ಡಿಗಿಂತ ಹೆಚ್ಚಾಗಿ ರಬ್ಬರ್ ರಿಂಗು. ಬೆಚ್ಚಗಾದಾಗ ಅದು ಮೆದುವಾಗಿ ಹಿಡಿತ ಬಿಡುತ್ತದೆ. ಹೊಸ ಆಯಿಲ್ ವ್ಯರ್ಥವಾಗುತ್ತದೆ ಎಂಬ ಚಿಂತೆ ಬೇಡ. ಬಹುಪಾಲು ಕಾರುಗಳಲ್ಲಿ ಫಿಲ್ಟರ್ ಕೂರುವ ಜಾಗ ಚೇಂಬರಿನ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯ, ಆಯಿಲ್ ಮಟ್ಟಕ್ಕಿಂತ ಮೇಲಿರುವುದರಿಂದ, ಫಿಲ್ಟರ್ ಬಿಚ್ಚಿದಾಗ ಅದರೊಳಗಿನ ಆಯಿಲು ಮತ್ತು ದಾರಿಯಲ್ಲಿ ನಿಂತಿದ್ದ ಸ್ವಲ್ಪ ಮಾತ್ರ ಸುರಿಯುತ್ತದೆ. ಅಷ್ಟನ್ನು ಆಮೇಲೆ ತುಂಬಿಕೊಂಡರಾಯಿತು.

ನಾನು ಕೆಲಸ ಕಲಿತದ್ದು ಅಂಬಾಸಿಡರ್ ಕಾಲದಲ್ಲಿ. ಆಗ ಫಿಲ್ಟರಿನ ಕಾಗದ ಒಂದು ಕಬ್ಬಿಣದ ಬಟ್ಟಲಿನೊಳಗೆ ಕೂರುತ್ತಿತ್ತು. ನಡುವಿನ ಉದ್ದ ಬೋಲ್ಟನ್ನು ಪಾನಾ ಹಾಕಿ ಬಿಚ್ಚಿದರೆ ಬಟ್ಟಲು ಕೈಗೆ ಬರುತ್ತಿತ್ತು. ತಿರುಗಿಸಿ ಕೂರಿಸುವ ಡಬ್ಬಿ ಬಂದ ಮೇಲೆ ಕೆಲಸ ಬೇಗ ಆಗುವಂತಾಯಿತು, ಜೊತೆಗೆ ಬಿಗಿ ಮಾಡುವುದರಲ್ಲಿ ಅತಿ ಮಾಡುವ ಅಭ್ಯಾಸವೂ ಬಂತು.

ಮಂಡಗದ್ದೆ ತೋಟದವ

ಹಿರಿಯರಿಗೆ ಧನ್ಯವಾದಗಳು. ಕಾರನ್ನು ಜಾಕ್ ಹಾಕಿ ಈಗಷ್ಟೇ ಕೆಳಗಿಳಿಸಿದೆ. ಕಲ್ಲುಗಳನ್ನು ತೆಗೆದು ನೋಡಿದಾಗ ಒಂದರ ಮೇಲ್ಭಾಗದಲ್ಲಿ ಕಾರಿನ ಅಂಚು ಬೆರಳುದ್ದ ಗೆರೆಯಾಗಿ ಕೊರೆದಿತ್ತು, ಮೂಲೆಯ ತುಣುಕೊಂದು ಕೈ ಸೋಕಿದೊಡನೆ ಉದುರಿತು. ಆ ಕಲ್ಲನ್ನು ನಂಬಿ ಅದರ ಕೆಳಗೆ ಅರ್ಧ ಗಂಟೆ ಮಲಗಿದ್ದೆ ಎಂದು ನೆನೆದರೆ ಮೈ ನಡುಗುತ್ತದೆ.

ಬಾಟಲಿ ಹಿಡಿದು ನೋಡಿದೆ. ನಿಮ್ಮ ಅನುಮಾನ ನಿಜ, ಮೇಲಿನಿಂದ ನಾನು ಎರಡು ಸಲವೂ ಬಿಗಿ ಮಾಡುವ ದಿಕ್ಕಿಗೇ ಎಳೆದಿದ್ದೇನೆ. ಕೆಳಗಿನಿಂದ ಕೈಯಲ್ಲಿ ಹಿಡಿದಾಗ ಮಾತ್ರ ದಿಕ್ಕು ಸರಿಯಾಗಿತ್ತು. ನಾಳೆ ಬೆಳಿಗ್ಗೆ ಆಯಿಲ್ ತುಂಬಿ ಮತ್ತೆ ಪ್ರಯತ್ನಿಸುತ್ತೇನೆ. ಫಿಲ್ಟರಿನ ತುದಿಗೆ ಕಪ್ (ಬಟ್ಟಲು) ಹಾಗೆ ಕೂರುವ ಸಾಕೆಟ್ಟನ್ನು ತೀರ್ಥಹಳ್ಳಿಯಲ್ಲಿ ಕೇಳಿದೆ, ನನ್ನ ಅಳತೆಯದು ಸಿಗಲಿಲ್ಲ. ಮನೆಯಲ್ಲಿ ಇರುವುದರಲ್ಲೇ ರೆಂಚ್ ಮಾಡಿಕೊಳ್ಳುವ ಉಪಾಯವಿದ್ದರೆ ತಿಳಿಸಿ.

ಸಾಗರ ಜೋಗ ರಸ್ತೆ

ಸ್ಕ್ರೂಡ್ರೈವರ್ ಹೊಡೆದವನೊಬ್ಬನ ಅನುಭವ ನಿಮಗೆ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ಇಂಥದೇ ಪರಿಸ್ಥಿತಿಯಲ್ಲಿ, ಶನಿವಾರ ಸಂಜೆ, ನಾನು ಫಿಲ್ಟರಿನ ನಡುಹೊಟ್ಟೆಗೆ ಸ್ಕ್ರೂಡ್ರೈವರ್ ಹೊಡೆದು ಆಚೆ ಬದಿಗೆ ತೂರಿಸಿದೆ. ಎಳೆದಾಗ ಫಿಲ್ಟರ್ ತಿರುಗುವ ಬದಲು ತೂತು ಉದ್ದವಾಗುತ್ತಾ ಹೋಯಿತು. ಮೂರನೆಯ ಎಳೆತಕ್ಕೆ ತಗಡು ಸುತ್ತಲೂ ಸೀಳಿ, ಡಬ್ಬಿಯ ಕೆಳಗಿನ ಅರ್ಧ ನನ್ನ ಕೈಗೆ ಬಂತು. ಮೇಲೆ ಕಪ್ಪಗೆ ನೆನೆದ ಕಾಗದದ ಮಡಿಕೆಗಳು ನೇತಾಡುತ್ತಿದ್ದವು, ಆಯಿಲು ಮೊಣಕೈವರೆಗೆ ಇಳಿಯಿತು. ಗಾಡಿ ಸೋಮವಾರದವರೆಗೆ ನಿಂತಲ್ಲೇ ನಿಂತಿತು, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಾಡಿಗೆ ಗಾಡಿ ಹುಡುಕಬೇಕಾಯಿತು.

ಅದನ್ನು ಕೊನೆಗೆ ಬಿಚ್ಚಿದ್ದು ಹೇಗೆಂದು ಹೇಳುತ್ತೇನೆ, ಯಾರಿಗಾದರೂ ಆ ಸ್ಥಿತಿ ಬಂದರೆ ಬೇಕಾಗುತ್ತದೆ. ತಗಡು ಕತ್ತರಿಸುವ ಕತ್ತರಿಯಿಂದ ಉಳಿದ ಡಬ್ಬಿಯನ್ನು ಕತ್ತರಿಸಿ ತೆಗೆದು, ಕಾಗದವನ್ನೂ ನಡುವಿನ ತೂತುತೂತಿನ ಕೊಳವೆಯನ್ನೂ ಕಿತ್ತು ಹಾಕಿದಾಗ ಹಿರಿಯರು ಹೇಳಿದ ಆ ದಪ್ಪ ಪ್ಲೇಟು ಮಾತ್ರ ಬ್ಲಾಕಿಗೆ ಅಂಟಿಕೊಂಡು ಉಳಿಯಿತು. ಅದರ ಎದುರುಬದುರಿನ ಎರಡು ತೂತುಗಳಿಗೆ ಎರಡು ಗಟ್ಟಿ ಬೋಲ್ಟುಗಳನ್ನು ಸಿಕ್ಕಿಸಿ, ಅವುಗಳ ನಡುವೆ ರಾಡು ಅಡ್ಡ ಕೊಟ್ಟು ತಿರುಗಿಸಿ ನೋಡಿದೆವು. ಬೋಲ್ಟು ಜಾರಿತು. ಆಮೇಲೆ ಕಬ್ಬಿಣ ಕಡಿಯುವ ಚಾಣವನ್ನು ಪ್ಲೇಟಿನ ಹೊರ ಅಂಚಿಗೆ ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸಣ್ಣ ಸಣ್ಣ ಪೆಟ್ಟು ಕೊಡುತ್ತಾ ಹೋದಾಗ ಹತ್ತನೆಯದೋ ಹನ್ನೆರಡನೆಯದೋ ಪೆಟ್ಟಿಗೆ ಪ್ಲೇಟು ಕದಲಿತು. ಚಾಣದ ಮೂತಿ ಎಂದೂ ಬ್ಲಾಕಿನ ಕಡೆಗೆ ತಿರುಗಬಾರದು. ರಬ್ಬರ್ ರಿಂಗು ಕೂರುವ ನುಣುಪು ಮುಖದಲ್ಲಿ ಒಂದು ಗೀರು ಬಿದ್ದರೆ ಸಾಕು, ಮುಂದೆ ಎಷ್ಟು ಹೊಸ ಫಿಲ್ಟರ್ ಹಾಕಿದರೂ ಅಲ್ಲಿಂದ ಆಯಿಲ್ ಜಿನುಗುತ್ತಲೇ ಇರುತ್ತದೆ.

ತೂತು ಹೊಡೆಯಲೇಬೇಕೆಂದಾದರೆ ನಡುಹೊಟ್ಟೆಗೆ ಹೊಡೆಯಬೇಡಿ. ಬ್ಲಾಕಿನಿಂದ ಎರಡು ಬೆರಳಗಲ ಬಿಟ್ಟು ಹೊಡೆಯಿರಿ. ಅದಕ್ಕಿಂತ ಹತ್ತಿರ ಹೋದರೆ ಒಳಗೆ ಚಾಚಿಕೊಂಡಿರುವ ಸ್ಟಡ್ಡಿಗೆ, ಅಂದರೆ ಫಿಲ್ಟರ್ ತಿರುಗಿ ಕೂರುವ ಥ್ರೆಡ್ಡಿನ ಕೊಳವೆಗೆ, ಪೆಟ್ಟು ಬೀಳುತ್ತದೆ, ತೀರಾ ದೂರ ಹೋದರೆ ತಗಡು ನನಗೆ ಸೀಳಿದ ಹಾಗೆಯೇ ಸೀಳುತ್ತದೆ.

ಹೊಸನಗರ ಕಾಲುದಾರಿ

ಮನೆಯಲ್ಲೇ ರೆಂಚ್ ಮಾಡಿಕೊಳ್ಳುವ ಬಗ್ಗೆ ಕೇಳಿದ್ದೀರಿ. ನಾನು ಎಂಟು ವರ್ಷಗಳಿಂದ ಬಳಸುತ್ತಿರುವ ವಿಧಾನವನ್ನು ವಿವರಿಸುತ್ತೇನೆ. ಬೇಕಾಗುವುದು ಮೂರು ವಸ್ತುಗಳು. ಗುಜರಿ ಅಂಗಡಿಯಲ್ಲಿ ಸಿಗುವ ಕಾರಿನ ಹಳೆಯ ಸೀಟ್ ಬೆಲ್ಟು ಅಥವಾ ಲಗೇಜ್ ಕಟ್ಟುವ ನೈಲಾನ್ ಪಟ್ಟಿ ಒಂದು ಮೀಟರ್, ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡು, ಒಂದಡಿ ಉದ್ದದ ಮುಕ್ಕಾಲು ಇಂಚಿನ ಜಿಐ ಪೈಪು.

ಮೊದಲು ಫಿಲ್ಟರಿನ ಮೈಯನ್ನು ಸೋಪಿನ ನೀರು ಮತ್ತು ಬಟ್ಟೆಯಿಂದ ಉಜ್ಜಿ ಜಿಡ್ಡು ಪೂರ್ತಿ ಹೋಗುವಂತೆ ಒಣಗಿಸಿ. ಈ ಹೆಜ್ಜೆಯನ್ನು ಬಿಟ್ಟರೆ ಮುಂದಿನದು ಯಾವುದೂ ನಡೆಯುವುದಿಲ್ಲ, ಏಕೆಂದರೆ ಈ ಇಡೀ ಉಪಾಯ ನಿಂತಿರುವುದು ತಿಕ್ಕಾಟದ ಮೇಲೆ. ಟ್ಯೂಬನ್ನು ಉದ್ದಕ್ಕೆ ಸೀಳಿ, ಒಳಮುಖದ ಪೌಡರನ್ನು ಒರೆಸಿ, ಬ್ಲಾಕಿಗೆ ಹತ್ತಿರದ ಭಾಗದಲ್ಲಿ ಫಿಲ್ಟರಿನ ಸುತ್ತ ಒಂದು ಸುತ್ತು ಸುತ್ತಿ. ಪಟ್ಟಿಯ ಒಂದು ತುದಿಯನ್ನು ಪೈಪಿಗೆ ಬಿಗಿಯಾಗಿ ಗಂಟು ಹಾಕಿ, ಉಳಿದದ್ದನ್ನು ಟ್ಯೂಬಿನ ಮೇಲೆ ಎರಡು ಸುತ್ತು ತಂದು, ಇನ್ನೊಂದು ತುದಿಯನ್ನೂ ಪೈಪಿಗೇ ಸುತ್ತಿ ಹಿಡಿದುಕೊಳ್ಳಿ. ಪೈಪನ್ನು ಬಿಚ್ಚುವ ದಿಕ್ಕಿಗೆ ಎಳೆದಾಗ ಪಟ್ಟಿ ಬಿಗಿದುಕೊಳ್ಳಬೇಕು. ಸಡಿಲವಾಗುತ್ತಿದ್ದರೆ ಉಲ್ಟಾ ಸುತ್ತಿದ್ದೀರಿ ಎಂದರ್ಥ.

ಇದರಿಂದ ಎಷ್ಟು ಬಲ ಸಿಗುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕವೊಂದಿದೆ. ಚಿಕ್ಕ ಪೆಟ್ರೋಲ್ ಕಾರುಗಳ ಫಿಲ್ಟರ್ ಸುಮಾರು 65 ಮಿಲಿಮೀಟರ್ ವ್ಯಾಸದ್ದು, ಅಂದರೆ ನಿಮ್ಮ ಅಂಗೈ ನಡುಬಿಂದುವಿನಿಂದ ಮೂರೂಕಾಲು ಸೆಂಟಿಮೀಟರ್ ದೂರದಲ್ಲಿ ಕೆಲಸ ಮಾಡುತ್ತದೆ. ಅದೇ ಬಲವನ್ನು ಇಪ್ಪತ್ತು ಸೆಂಟಿಮೀಟರ್ ದೂರದಲ್ಲಿ ಹಾಕಿದರೆ ತಿರುಚುವ ಶಕ್ತಿ ಆರು ಪಟ್ಟಾಗುತ್ತದೆ. ಹಾಗಾಗಿ ಪೈಪಿಗೆ ನೇತುಬೀಳಬೇಕಾಗಿಲ್ಲ, ಜಗ್ಗಿ ಜಗ್ಗಿ ಎಳೆಯಲೂ ಬೇಡ. ಒಂದೇ ಸಮನೆ ಒತ್ತಡ ಕೊಟ್ಟು ಹತ್ತು ಸೆಕೆಂಡ್ ಹಿಡಿದರೆ ರಬ್ಬರು ತಾನಾಗಿ ಬಿಡುತ್ತದೆ.

ಕಪ್ ಸಾಕೆಟ್ಟನ್ನು ಮುಂದೆ ಎಂದಾದರೂ ಕೊಳ್ಳುವುದಾದರೆ ಹೊಸ ಫಿಲ್ಟರನ್ನೇ ಅಂಗಡಿಗೆ ಕೊಂಡೊಯ್ದು ಕೂರಿಸಿ ನೋಡಿ. ವ್ಯಾಸ ಮಾತ್ರ ಹೊಂದಿದರೆ ಸಾಲದು, ಅಂಚಿನ ಮೂಲೆಗಳ ಸಂಖ್ಯೆಯೂ ಹೊಂದಬೇಕು. ಇನ್ನೊಂದು ವಿಷಯ: ಡೀಸೆಲ್ ಕಾರು ಇರುವವರು ಇದನ್ನು ಓದುತ್ತಿದ್ದರೆ ನಿಮ್ಮ ಗಾಡಿಯದು ತಿರುಗಿಸುವ ಡಬ್ಬಿಯೇ ಹೌದೇ ಎಂದು ಮೊದಲು ನೋಡಿಕೊಳ್ಳಿ. ಹಿಂದೆ ಮಾರುತಿ ಕಾರುಗಳಲ್ಲಿ ಬರುತ್ತಿದ್ದ 1.3 ಲೀಟರಿನ ಡೀಸೆಲ್ ಎಂಜಿನಿನಲ್ಲಿ ಬರೀ ಕಾಗದದ ಫಿಲ್ಟರಿದ್ದು, ಅದರ ಮೇಲೆ ಮುಚ್ಚಳವಿರುತ್ತದೆ. ಅದಕ್ಕೆ ಪಟ್ಟಿ ಸುತ್ತುವ ಅಗತ್ಯವಿಲ್ಲ, ಮುಚ್ಚಳದ ತಲೆಗೆ ಸರಿಯಾದ ಸಾಕೆಟ್ ಸಾಕು.

ಬ್ಲೋ ಲ್ಯಾಂಪಿನಿಂದಲೋ ಗ್ಯಾಸ್ ಉರಿಯಿಂದಲೋ ಫಿಲ್ಟರನ್ನು ಕಾಯಿಸುವ ಯೋಚನೆ ಯಾರಿಗೂ ಬರದಿರಲಿ. ಸುತ್ತಮುತ್ತ ಜಿಡ್ಡು, ಆಯಿಲು, ವೈರು ಎಲ್ಲ ಇರುವ ಜಾಗವದು.

ಮಂಡಗದ್ದೆ ತೋಟದವ

ಫಿಲ್ಟರ್ ಬಂತು. ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಡ್ರೈನ್ ಬೋಲ್ಟ್ ಹಾಕಿ ಹೊಸ ಆಯಿಲ್ ತುಂಬಿ ಎಂಜಿನ್ ಚಾಲೂ ಮಾಡಿದೆ. ಆಯಿಲ್ ದೀಪ ಎರಡು ಮೂರು ಸೆಕೆಂಡಿನಲ್ಲಿ ಆರಿತು. ಹಳೆಯ ಅಟ್ಟದಿಂದ ಇಳಿಸಿಟ್ಟಿದ್ದ ಅಗಲವಾದ ಹಲಸಿನ ಹಲಗೆಗಳನ್ನು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಮೂರು ಜೋಡಿಸಿ ಮೊಳೆ ಹೊಡೆದು, ಮುಂದಿನ ಎರಡೂ ಚಕ್ರಗಳನ್ನು ಅವುಗಳ ಮೇಲೆ ಹತ್ತಿಸಿದೆ. ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯನ್ನು ಮೊದಲ ಗೇರಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟೆ. ಜಾಕಿನ ಅಗತ್ಯವೇ ಬೀಳಲಿಲ್ಲ. ಐದಾರು ಇಂಚು ಎತ್ತರ ಸಿಕ್ಕಿತು, ಕೈ ಆಡಿಸಲು ಅಷ್ಟು ಸಾಕಾಯಿತು. ಆಯಿಲು ಸೈಲೆನ್ಸರ್ ಪೈಪಿನ ಮೇಲೆ ಸುರಿಯದಿರಲಿ ಎಂದು ಒಂದು ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆದು ಮಾಡಿ, ದೋಣಿಯ ಹಾಗೆ ಬಗ್ಗಿಸಿ, ಫಿಲ್ಟರಿನ ಕೆಳಗಿನಿಂದ ಬಕೆಟ್ಟಿನವರೆಗೆ ಇಳಿಜಾರಾಗಿ ಕಟ್ಟಿದೆ. ಇದು ಬಹಳ ಚೆನ್ನಾಗಿ ಕೆಲಸ ಮಾಡಿತು, ನೆಲಕ್ಕೆ ನಾಲ್ಕು ಹನಿಗಿಂತ ಹೆಚ್ಚು ಬೀಳಲಿಲ್ಲ.

ಸೀಟ್ ಬೆಲ್ಟ್ ಸಿಗದ ಕಾರಣ ಲಗೇಜ್ ಪಟ್ಟಿಯನ್ನೇ ಬಳಸಿದೆ. ಮೊದಲ ಎಳೆತಕ್ಕೆ ಪಟ್ಟಿ ಜಾರಿತು. ನೋಡಿದರೆ ಫಿಲ್ಟರಿನ ಹಿಂಬದಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಜಿಡ್ಡು ಹಾಗೆಯೇ ಉಳಿದಿತ್ತು. ಮತ್ತೆ ಸೋಪು ಹಾಕಿ ಉಜ್ಜಿ ಒರೆಸಿ ಪಟ್ಟಿ ಸುತ್ತಿದೆ. ಎರಡನೆಯ ಸಲ ಪೈಪನ್ನು ಮೆಲ್ಲಗೆ ಒತ್ತಿ ಹಿಡಿದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಏಳು ಎನ್ನುವಷ್ಟರಲ್ಲಿ ಒಣಗಿದ ಅಂಟು ಬಿಟ್ಟಂತೆ 'ಟಕ್' ಎಂಬ ಸದ್ದಾಯಿತು, ಪೈಪು ಒಂದು ಗೇಣು ಸರಿಯಿತು. ಆಮೇಲೆ ಬರಿಗೈಯಲ್ಲೇ ತಿರುಗಿಸಿ ತೆಗೆದೆ.

ಬಿಚ್ಚಿದ ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಿದಾಗ ಕಾರಣ ಎದುರಿಗೇ ಇತ್ತು. ರಬ್ಬರ್ ರಿಂಗು ಚಪ್ಪಟೆಯಾಗಿ, ಗಾಜಿನ ಬಳೆಯಂತೆ ಗಟ್ಟಿಯಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ರಿಂಗಿನ ಕಾಲುಭಾಗದಷ್ಟು ತುಂಡು ಅದರಲ್ಲಿ ಇರಲೇ ಇಲ್ಲ. ಟಾರ್ಚ್ ಹಿಡಿದು ಬ್ಲಾಕನ್ನು ನೋಡಿದರೆ ಕಪ್ಪು ಗೆರೆಯಂತೆ ಅದು ಅಲ್ಲೇ ಅಂಟಿಕೊಂಡಿತ್ತು. ಲೋಹದ ವಸ್ತು ತಾಗಿಸಬಾರದೆಂದು ಸಾಗರದವರ ಮಾತು ನೆನಪಿದ್ದುದರಿಂದ, ಬಿದಿರಿನ ಸೀಳನ್ನು ಚೂಪು ಮಾಡಿ ಅದರಿಂದ ಎಬ್ಬಿಸಿ ತೆಗೆದೆ. ಹೊಸ ಫಿಲ್ಟರನ್ನು ಇನ್ನೂ ಕೂರಿಸಿಲ್ಲ. ಎಷ್ಟು ಬಿಗಿ ಮಾಡಬೇಕು, ಬಕೆಟ್ಟಿನಲ್ಲಿರುವ ಹಳೆಯ ಆಯಿಲನ್ನು ಏನು ಮಾಡಬೇಕು ಎಂದು ಹೇಳಿದರೆ ಕೆಲಸ ಮುಗಿಸುತ್ತೇನೆ. ನಮ್ಮಲ್ಲಿ ಅದನ್ನು ಬೇಲಿ ಕಂಬಗಳಿಗೆ ಗೆದ್ದಲು ಹತ್ತದಿರಲಿ ಎಂದು ಬಳಿಯುವ ರೂಢಿಯಿದೆ.

ಹಳೇ ಗ್ಯಾರೇಜು, ಶಿವಮೊಗ್ಗ

ತುಂಬಾ ಸಂತೋಷವಾಯಿತು ಸರ್. ಆ ತುಂಡು ರಬ್ಬರನ್ನು ನೀವು ಹುಡುಕಿ ತೆಗೆದದ್ದು ಫಿಲ್ಟರ್ ಬಿಚ್ಚಿದ್ದಕ್ಕಿಂತ ದೊಡ್ಡ ಕೆಲಸ. ಹಳೆಯ ರಿಂಗಿನ ಮೇಲೆ ಹೊಸ ರಿಂಗು ಕೂತರೆ ಮೊದಲಿಗೆ ಏನೂ ಗೊತ್ತಾಗುವುದಿಲ್ಲ. ಎಂಜಿನ್ ವೇಗ ಹೆಚ್ಚಿ ಆಯಿಲ್ ಒತ್ತಡ ಏರಿದೊಡನೆ ಎರಡು ರಬ್ಬರಿನ ನಡುವಿನಿಂದ ಆಯಿಲು ಚಿಮ್ಮಿ, ಮಂಡಗದ್ದೆ ದಾಟುವಷ್ಟರಲ್ಲಿ ಚೇಂಬರ್ ಖಾಲಿಯಾಗಿರುತ್ತದೆ. ಹಾಗೆ ಕೆಟ್ಟ ಎಂಜಿನುಗಳನ್ನು ನಾನು ಕೈಯಾರೆ ಬಿಚ್ಚಿದ್ದೇನೆ.

ಈಗ ಬ್ಲಾಕಿನ ಮುಖವನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಬೆರಳು ಆಡಿಸಿ ಸುತ್ತಲೂ ನುಣುಪಾಗಿದೆಯೇ ಎಂದು ನೋಡಿ. ನಡುವಿನ ಸ್ಟಡ್ಡು ಅಲ್ಲಾಡುತ್ತಿಲ್ಲ ತಾನೇ ಎಂದೂ ಪರೀಕ್ಷಿಸಿ, ಬಿಗಿಯಾಗಿದ್ದ ಫಿಲ್ಟರಿನೊಂದಿಗೆ ಕೆಲವೊಮ್ಮೆ ಅದೂ ಸಡಿಲವಾಗಿರುತ್ತದೆ. ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಆಯಿಲನ್ನು ಬೆರಳಿನಿಂದ ತೆಳ್ಳಗೆ ಸವರಿ. ನಿಮ್ಮ ಹಳೆಯ ರಿಂಗು ಅಷ್ಟು ಕಚ್ಚಿಕೊಂಡಿದ್ದನ್ನು ನೋಡಿದರೆ ಹಿಂದೆ ಅದನ್ನು ಒಣಗಿದ್ದಂತೆಯೇ ಕೂರಿಸಿ, ರೆಂಚ್ ಹಾಕಿ ಬಿಗಿದಿರಬೇಕು. ಒಣ ರಬ್ಬರು ತಿರುಗುವಾಗ ಜಾರುವ ಬದಲು ಮಡಚಿಕೊಂಡು ಲೋಹವನ್ನು ಕಚ್ಚುತ್ತದೆ. ಅದರ ಮೇಲೆ ಹದಿನಾಲ್ಕು ಸಾವಿರ ಕಿಲೋಮೀಟರಿನ ಬಿಸಿ ಸೇರಿದರೆ ನೀವು ಕಂಡ ಗಾಜಿನ ಬಳೆಯೇ ಆಗುವುದು.

ಕೈಯಿಂದ ತಿರುಗಿಸುತ್ತಾ ಹೋಗಿ ರಬ್ಬರು ಬ್ಲಾಕಿಗೆ ತಾಗಿದ ಕ್ಷಣವನ್ನು ಗುರುತಿಸಿ, ಅಲ್ಲಿ ಫಿಲ್ಟರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಅಲ್ಲಿಂದ ಮುಂದೆ ಮುಕ್ಕಾಲು ಸುತ್ತು. ಡಬ್ಬಿಯ ಮೇಲೆ ಬೇರೆ ಅಳತೆ ಅಚ್ಚಾಗಿದ್ದರೆ ಅದನ್ನೇ ಪಾಲಿಸಿ. ಒಣ ಕೈಯಿಂದ ಅಷ್ಟು ಆಗುತ್ತದೆ, ಯಾವ ರೆಂಚೂ ಬೇಡ. ಫಿಲ್ಟರನ್ನು ಹಿಡಿದಿಡುವುದು ನಮ್ಮ ತೋಳ್ಬಲವಲ್ಲ, ಒತ್ತಿಕೊಂಡ ರಬ್ಬರು. ನಂತರ ಎಂಜಿನ್ ಚಾಲೂ ಮಾಡಿ ಎರಡು ನಿಮಿಷ ಬಿಟ್ಟು, ಫಿಲ್ಟರಿನ ಸುತ್ತ ಬಿಳಿ ಕಾಗದ ಒತ್ತಿ ಹಸಿ ಇದೆಯೇ ನೋಡಿ. ನಿಲ್ಲಿಸಿ, ಐದು ನಿಮಿಷ ಕಾದು, ಗಾಡಿಯನ್ನು ಸಮತಟ್ಟಿನಲ್ಲಿಟ್ಟು ಡಿಪ್‌ಸ್ಟಿಕ್ ನೋಡಿ ಕಡಿಮೆಯಾದದ್ದನ್ನು ತುಂಬಿ. ದಿನಾಂಕವನ್ನೂ ಮೀಟರಿನ ಅಂಕಿಯನ್ನೂ ಫಿಲ್ಟರಿನ ಮೇಲೆಯೇ ಮಾರ್ಕರಿನಲ್ಲಿ ಬರೆದುಬಿಡಿ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದನ್ನು ಮೀರಬೇಡಿ.

ಹಳೆಯ ಆಯಿಲನ್ನು ಬೇಲಿ ಕಂಬಕ್ಕೆ ಬಳಿಯುವುದನ್ನು ನಾನೂ ಚಿಕ್ಕಂದಿನಿಂದ ನೋಡಿದ್ದೇನೆ, ಆದರೂ ಬೇಡ ಎನ್ನುತ್ತೇನೆ. ಅದರಲ್ಲಿ ಎಂಜಿನ್ ಸವೆದ ಲೋಹದ ಪುಡಿ, ಸುಟ್ಟ ಇಂಧನದ ಉಳಿಕೆ ಎಲ್ಲ ಸೇರಿರುತ್ತದೆ. ಒಂದು ಮಳೆಗೆ ಅದು ಕಂಬದಿಂದ ತೋಟದ ಕಪ್ಪಿಗೆ (ನೀರು ಹರಿಯುವ ಕಾಲುವೆಗೆ), ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ ಇಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ. ಹೊಸ ಆಯಿಲ್ ಬಂದ ಡಬ್ಬಿಯಲ್ಲೇ ಅದನ್ನು ತುಂಬಿ ಮುಚ್ಚಳ ಹಾಕಿ, ಮುಂದಿನ ಸಲ ಪೇಟೆಗೆ ಬಂದಾಗ ಹಳೆಯ ಆಯಿಲನ್ನು ಒಟ್ಟುಮಾಡಿ ಮರುಶುದ್ಧಿಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಬಿಚ್ಚಿದ ಫಿಲ್ಟರನ್ನು ಒಂದು ರಾತ್ರಿ ಅದೇ ಬಕೆಟ್ಟಿನ ಮೇಲೆ ಬೋರಲು ಹಾಕಿಡಿ, ಒಳಗಿರುವುದೂ ಇಳಿಯುತ್ತದೆ.

ಮಂಡಗದ್ದೆ ತೋಟದವ

ಸೀಮೆಸುಣ್ಣದ ಗೆರೆ ಎಳೆದು ಮುಕ್ಕಾಲು ಸುತ್ತು ಬಿಗಿ ಮಾಡಿದೆ. ಕಾಗದ ಒತ್ತಿ ನೋಡಿದೆ, ಒಣಗಿದೆ. ಡಿಪ್‌ಸ್ಟಿಕ್ಕಿನಲ್ಲಿ ಸ್ವಲ್ಪ ಕಡಿಮೆ ಕಂಡದ್ದನ್ನು ತುಂಬಿ, ಸಂಜೆ ತೀರ್ಥಹಳ್ಳಿಯವರೆಗೆ ಹೋಗಿ ಬಂದು ಮತ್ತೊಮ್ಮೆ ಕಾಗದ ಒತ್ತಿದೆ, ಆಗಲೂ ಒಂದು ಹನಿ ಇರಲಿಲ್ಲ. ಹಳೆಯ ಆಯಿಲು ಡಬ್ಬಿ ಸೇರಿ ಡಿಕ್ಕಿಯಲ್ಲಿದೆ, ಸೋಮವಾರ ಶಿವಮೊಗ್ಗಕ್ಕೆ ತರುತ್ತೇನೆ.